ಆರಗದ ಬಸ್ಸಿನ ಹತ್ತಿರ ನಿಲ್ಲುವ ಕೆಂಪವ್ವ

ಮಿರಜ ಬಸ್ ನಿಲ್ದಾಣದಲ್ಲಿ ಇನ್ನೂ ಚಹಾದ ಒಲೆ ಹೊತ್ತಿಲ್ಲ. ಆಗಲೇ ಕೆಂಪವ್ವ ಆರಗದ ಬಸ್ಸು ನಿಲ್ಲುವ ಕಡೆ ಬಂದು ನಿಂತಿದ್ದಾರೆ. ಹೆರಿಗೆ ಆಸ್ಪತ್ರೆಯೊಂದರಲ್ಲಿ ಆಯಾ. ಬಾಣಂತಿಯರ ಬಟ್ಟೆ ಒಗೆಯುವುದು, ನೆಲ ಒರೆಸುವುದು ಅವರ ಕೆಲಸ. ಡ್ಯೂಟಿಗೆ ಇನ್ನೂ ಹೊತ್ತಿದೆ. ಅತ್ತೆಯ ಹಿಂದೆ ತಲೆ ತಗ್ಗಿಸಿ ಬರುವ ಬಸುರಿ ಕಂಡರೆ ಸಾಕು, ಮಾತಾಡಿಸಲು ಹೋಗುತ್ತಾರೆ.

ಹೊಟ್ಟೆಯಲ್ಲಿರುವುದು ಗಂಡೋ ಹೆಣ್ಣೋ ನೋಡಿಸಬಾರದೆಂಬ ಕಾಯ್ದೆ ಇದೆಯೆಂದು ಈ ಕಡೆ ಎಲ್ಲರಿಗೂ ಗೊತ್ತು. ಆದರೆ ಅದು ಮಹಾರಾಷ್ಟ್ರದ್ದಂತೆ, ಆರಗ ದಾಟಿ ಕರ್ನಾಟಕ ಹೊಕ್ಕರೆ ನಡೆಯುತ್ತದಂತೆ! ಗಡಿ ದಾಟಿದರೆ ಪೆಟ್ರೋಲಿನ ದರ ಬದಲಾಗುತ್ತದಲ್ಲ, ಹಾಗೆ. ಎಂಥ ಲೆಕ್ಕಾಚಾರ ನೋಡಿ. ಕಾಯ್ದೆ ದೇಶಕ್ಕೆಲ್ಲ ಒಂದೇ ಎಂದರೆ ನಗುತ್ತಾರೆ.

ಮಿರಜ ಪಕ್ಕದ ಕುಪವಾಡದಲ್ಲಿ ಕಾರ್ಖಾನೆಗಳು ಏಳುತ್ತಿದ್ದ ಕಾಲಕ್ಕೆ ಗಂಡನ ಜೊತೆ ವಿಜಾಪುರದ ಕಡೆಯಿಂದ ಬಂದವರು ಕೆಂಪವ್ವ. ಒಬ್ಬಳೇ ಮಗಳು ದಾನೇಶ್ವರಿ. ಎರಡು ಹೆಣ್ಣು ಹೆತ್ತ ಮೇಲೆ ಅವಳನ್ನೂ ಅತ್ತೆಮನೆಯವರು ಇದೇ ಬಸ್ಸು ಹತ್ತಿಸಿದರು. ಮೂರನೆಯದೂ ಹೆಣ್ಣೆಂದು ತಿಳಿದು ಗರ್ಭ ತೆಗೆಸಿಕೊಂಡು ಬಂದಳು. ರಕ್ತ ನಿಲ್ಲಲಿಲ್ಲ. ಅವ್ವ ಆಸ್ಪತ್ರೆಯಲ್ಲೇ ದುಡಿಯುತ್ತಿದ್ದರೂ ಮಗಳು ಬಾಯಿ ಬಿಡಲಿಲ್ಲ.

"ಪೊಲೀಸರು ಹಿಡೀತಾರಂತ ಅಂಜಿದ್ಲರಿ. ಕಡೀಕ ನಾ ಹೋಗಿ ನೋಡಿದ್ರ, 'ಎವ್ವಾ, ಯಾರಿಗೂ ಹೇಳಬ್ಯಾಡ, ನನ್ನ ಜೇಲಿಗೆ ಹಾಕ್ತಾರ' ಅಂದ್ಲು. ದವಾಖಾನಿ ಮುಟ್ಟೂದ್ರಾಗ ಹೋಗಿಬಿಟ್ಲು," ಎಂದು ಹೇಳಿ ಕೆಂಪವ್ವ ಬಸ್ಸು ಬರುವ ದಾರಿಯತ್ತ ನೋಡುತ್ತಾರೆ.

ಬಸ್ಸು ಬರುತ್ತದೆ. ಅತ್ತೆ ಮಾಣಿಕಬಾಯಿಯ ಹಿಂದೆ ತುಂಬು ಬಳೆಯ ಸೊಸೆ ಸ್ವಪ್ನಾಲಿ. ಕೆಂಪವ್ವ ಅಡ್ಡ ನಿಲ್ಲುತ್ತಾರೆ. "ಮಾವಶಿ, ಆ ಕಡೀಗೂ ಇದ ಕಾಯದಾ ಐತ್ರಿ. ಹೋಗಬ್ಯಾಡ್ರಿ."

"ನಿನ್ನ ಗಂಟೇನ ಹೋಗ್ತೈತಿ? ಸರಿ ಆಚಿಗೆ! ಚಲ ಗ, ಸ್ವಪ್ನಾಲಿ!" ಮಾಣಿಕಬಾಯಿ ಸೊಸೆಯ ರಟ್ಟೆ ಹಿಡಿದು ಹತ್ತಿಸಿಯೇಬಿಡುತ್ತಾರೆ.

ಕೆಂಪವ್ವ ಕಿಟಕಿಗೆ ಓಡುತ್ತಾರೆ. "ತಂಗಿ, ಏನರ ಆದ್ರ ಮುಚ್ಚಿಡಬ್ಯಾಡವ್ವಾ! ಒತ್ತಾಯಕ್ಕ ಹ್ವಾದ ಬಸುರಿಗೆ ಜೇಲ್ ಇಲ್ಲ. ಸೀದಾ ದವಾಖಾನಿಗೆ ಬಾ!" ಹುಡುಗಿ ತಲೆಯಾಡಿಸಿದಳೋ ಇಲ್ಲವೋ ತಿಳಿಯುವಷ್ಟರಲ್ಲಿ ಬಸ್ಸು ಹೊರಟುಹೋಗುತ್ತದೆ.

ಹಿಂದೆ ಕೆಂಪವ್ವನ ಮಾತು ಕೇಳಿ ಕೆಲವರು ಇಳಿದು ಮನೆಗೆ ಮರಳಿದ್ದೂ ಉಂಟು. ಇವತ್ತು ಆ ಭಾಗ್ಯವಿಲ್ಲ. ಪತ್ರಿಕೆಗೆ ಒಂದು ಫೋಟೋ ಎಂದರೆ ಕೆಂಪವ್ವ ಕೈ ಅಡ್ಡ ಹಿಡಿಯುತ್ತಾರೆ.

"ನನ್ನ ಫೋಟೋ ಯಾಕ್ರಿ? ಆ ಜಾಗಾದಾಗ, 'ಒತ್ತಾಯಕ್ಕ ಹ್ವಾದ ಬಸುರಿಗೆ ಜೇಲ್ ಇಲ್ಲ' ಅಂತ ದಪ್ಪ ಅಕ್ಷರದಾಗ ಹಾಕ್ರಿ. ನನ್ನ ದಾನೇಶ್ವರಿಗೆ ಓದಾಕ ಬರ್ತಿತ್ರಿ."