ಹನ್ನೊಂದನೇ ಮನೆಯ ಕೆಂಪು ಚೌಕ

ಪುಟ್ಟೇನಹಳ್ಳಿಯ ಚಿಕ್ಕಹನುಮಯ್ಯನಿಗೆ ಹಾವಿನ ಭಯವಿರಲಿಲ್ಲ, ಎತ್ತರದ ಭಯವೂ ಇರಲಿಲ್ಲ. ಗೇಣಗಲದ ಹಲಗೆಯ ಮೇಲೆ ನಿಂತು ಗಾರೆ ಬಳಿಯುತ್ತಲೇ ಬೀಡಿ ಹಚ್ಚುವ ಆಸಾಮಿ. ಅಂಥವನನ್ನು ಗಡಗಡ ನಡುಗಿಸಿದ್ದು ಗೋಡೆಗೆ ನೇತುಹಾಕಿದ ಒಂದು ಕಾಗದ.

ಐವತ್ತೇಳನೇ ಇಸವಿ. ಜಾಲಹಳ್ಳಿಯ ಕಡೆ ಕಾರ್ಖಾನೆ ನೌಕರರಿಗೆಂದು ಮೂವತ್ತು ಮನೆಗಳು ಏಳುತ್ತಿದ್ದವು. ಗಾರೆ ಕೆಲಸದ ನಲವತ್ತು ಆಳುಗಳಿಗೆ ಚಿಕ್ಕಹನುಮಯ್ಯನೇ ಮೇಸ್ತ್ರಿ. ಹೊಸದಾಗಿ ಬಂದ ಇಂಜಿನಿಯರ್ ಆನಂದಪ್ಪನವರು ತಗಡಿನ ಶೆಡ್ಡಿನಲ್ಲಿ ಆ ದೊಡ್ಡ ಕಾಗದ ತೂಗುಹಾಕಿದರು. ಮನೆಗೊಂದು ಸಾಲು, ದಿನಕ್ಕೊಂದು ಚೌಕ. ಆಗಬೇಕಾದ ಕೆಲಸಕ್ಕೆ ನೀಲಿ, ಆದ ಕೆಲಸಕ್ಕೆ ಕೆಂಪು. ದಿನಾ ಸಂಜೆ ಕೆಂಪು ಪೆನ್ಸಿಲ್ ಹಿಡಿಯುವ ಹೊಣೆ ಮೇಸ್ತ್ರಿಯದು.

"ಕೆಂಪು ನೀಲಿಗಿಂತ ಹಿಂದೆ ಬಿತ್ತೋ, ನಿನ್ನನ್ನೂ ನಿನ್ನ ಆಳುಗಳನ್ನೂ ಒಟ್ಟಿಗೇ ಕಳಿಸಿಬಿಡ್ತೀನಿ," ಎಂದಿದ್ದರು ಅವರು.

ಓದಿದವರು, ಭಾನುವಾರಗಳನ್ನು ಬಿಟ್ಟೇ ಲೆಕ್ಕ ಹಾಕಿದ್ದರು. ಅಮಾವಾಸ್ಯೆಯನ್ನು ಮಾತ್ರ ಬಿಟ್ಟಿರಲಿಲ್ಲ. ಅಂದು ಗಾರೆಯವರು ಕರಣೆ ಮುಟ್ಟುವುದಿಲ್ಲ. ತೊಳೆದು, ಕುಂಕುಮವಿಟ್ಟು ಮೂಲೆಗಿಡುತ್ತಾರೆ. ಇದನ್ನು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಪ್ಯಾಂಟು ಹಾಕಿದವರ ಮುಂದೆ ನಮ್ಮ ಮೇಸ್ತ್ರಿಗೆ ನಾಲಿಗೆಯೇ ಏಳುತ್ತಿರಲಿಲ್ಲ. ತಪ್ಪಿದ ಕೆಲಸವನ್ನು ಮರುದಿನ ಆಳುಗಳನ್ನು ಕತ್ತಲಾಗುವವರೆಗೆ ದುಡಿಸಿ ಸರಿದೂಗಿಸುತ್ತಿದ್ದ.

ಮಾರ್ನಮಿ ಅಮಾವಾಸ್ಯೆ ಅವನನ್ನು ಕೆಡವಿತು. ಹಿರಿಯರಿಗೆ ಎಡೆಯಿಟ್ಟು ಹೊಟ್ಟೆ ಬಿರಿಯ ಉಂಡವರು ಮರುದಿನ ಕೆಲಸಕ್ಕೆ ಬರಲಿಲ್ಲ. ಆಮೇಲೆ ಎರಡು ದಿನ ಬಿಡದ ಮಳೆ. ಅಮಾವಾಸ್ಯೆಯಂದು ಹಾಕಬೇಕಿದ್ದ ಹನ್ನೊಂದನೇ ಮನೆಯ ತಾರಸಿಗೆ ಕಾಂಕ್ರೀಟು ಬಿದ್ದದ್ದು ನಾಲ್ಕು ದಿನ ತಡವಾಗಿ. ಪುಣ್ಯಕ್ಕೆ ಇಂಜಿನಿಯರು ಆ ವಾರ ಊರಲ್ಲಿರಲಿಲ್ಲ. ಪುಣ್ಯವೋ ಪಾಪವೋ! ಚಿಕ್ಕಹನುಮಯ್ಯ ಅಮಾವಾಸ್ಯೆಯ ಚೌಕಕ್ಕೇ ಕೆಂಪು ಬಳಿದ. ಬಣ್ಣ ಗೆರೆಯಾಚೆ ಹೋಯಿತು.

ಹಸಿ ತಾರಸಿಯನ್ನು ಹೊತ್ತು ನಿಂತ ಸರ್ವೆ ಮರದ ಕಂಬಗಳನ್ನು ಹದಿನಾಲ್ಕು ದಿನ ಕದಲಿಸುವಂತಿಲ್ಲ. ಆ ಹದಿನಾಲ್ಕನ್ನು ಆನಂದಪ್ಪನವರು ಎಣಿಸುವುದು ಕೆಂಪು ಚೌಕದಿಂದ. ಇದು ಮಾತ್ರ ಅವನಿಗೆ ಹೊಳೆಯಲೇ ಇಲ್ಲ.

ಒಂದು ಬೆಳಿಗ್ಗೆ ಅವನು ಹದಿನೈದನೇ ಮನೆಯ ಗೋಡೆಗೆ ತೂಕದ ಗುಂಡು ಇಳಿಬಿಟ್ಟು ನೋಡುತ್ತಿದ್ದ. ಅಲ್ಲೇ ಗಾರೆ ಹೊರುವ ಹೆಂಡತಿ ಮುನಿಗಂಗಮ್ಮ ಸಿಂಬಿ ಸರಿಮಾಡಿಕೊಳ್ಳುತ್ತಾ ಹೊರಟಳು.

"ಎಲ್ಲಿಗೆ ಒಂಟಿದ್ದೀಯ?"

"ಅನ್ನೊಂದ್ನೇ ಮನೆಗೆ. ಕಂಬ ಬಿಚ್ಚಾಕೆ ಯೋಳವ್ರೆ ಇಂಜಿನೇರಪ್ಪ. ಬಿಚ್ಚಿದ್ದನ್ನ ನಾನು ಈಚೆಗೆ ಒತ್ತಾಕಬೇಕಂತೆ."

"ಇವತ್ತಾ?"

"ನೀನೇ ಕೆಂಪು ಬಳ್ದಿದ್ದೀಯಂತಲ್ಲ. ಅದಿನಾಲ್ಕು ದಿನ ಆಯ್ತಂತೆ," ಎಂದು ನಕ್ಕು ಹೋದಳು.

ಅವನು ತೂಕದ ಗುಂಡನ್ನು ಕೆಳಗಿಟ್ಟ. ಬೆರಳು ಮಡಚಿ ಎಣಿಸಿದ. ಹತ್ತು. ಮತ್ತೆ ಎಣಿಸಿದ. ಹತ್ತೇ. ಬಾಯಿಬಿಟ್ಟರೆ ನಲವತ್ತು ಮನೆಯ ಒಲೆ ಆರುತ್ತದೆ. ತಾರಸಿ ನಿಂತರೂ ನಿಂತೀತು, ಯಾರಿಗೆ ಗೊತ್ತು? ಗುಂಡನ್ನು ಎತ್ತಿ ಮತ್ತೆ ಗೋಡೆಗೆ ಇಳಿಬಿಟ್ಟ. ಆ ಕಡೆಯಿಂದ ಸುತ್ತಿಗೆಯ ಸದ್ದು ಕೇಳಿತು. ಇನ್ನೊಂದು ಸದ್ದು. ಆಗ ಓಡಿದ.

ಎರಡು ಕಂಬ ಆಗಲೇ ಹೋಗಿದ್ದವು. ಎರಡನೆಯದನ್ನು ಹೆಗಲಿಗೇರಿಸಿಕೊಂಡು ಮುನಿಗಂಗಮ್ಮ ತಾರಸಿಯ ಕೆಳಗೆ ನಟ್ಟನಡುವೆ ನಿಂತಿದ್ದಳು. ಬಡಗಿ ಪಿಳ್ಳಪ್ಪ ಮೂರನೆಯದಕ್ಕೆ ಸುತ್ತಿಗೆ ಎತ್ತಿದ್ದ. ಚಿಕ್ಕಹನುಮಯ್ಯ ಹೋಗಿ ಆ ಕಂಬವನ್ನೇ ತಬ್ಬಿಕೊಂಡ.

"ಒಡೀಬ್ಯಾಡ ಕಣೋ! ಅತ್ತೇ ದಿನ ಆಗಿರಾದು! ನಾನು ಸುಳ್ಳು ಬಳ್ದಿದ್ದೆ!"

ಬಾಗಿಲಲ್ಲಿದ್ದ ಆನಂದಪ್ಪನವರ ಮುಖ ಬಿಳಚಿಕೊಂಡಿತು. ಬೈಯಲಿಲ್ಲ. "ಎಲ್ಲರೂ ಆಚೆ ಬನ್ನಿ, ನಿಧಾನಕ್ಕೆ," ಎಂದರು. ತೆಗೆದ ಕಂಬಗಳನ್ನು ಚಿಕ್ಕಹನುಮಯ್ಯನೊಬ್ಬನೇ ಒಳಗೊಯ್ದು, ಉಸಿರು ಬಿಗಿಹಿಡಿದು, ಇದ್ದ ಜಾಗದಲ್ಲೇ ನಿಲ್ಲಿಸಿದ.

"ಯಾಕಯ್ಯಾ ಹೇಳಲಿಲ್ಲ?"

"ಭಯ ಆಯ್ತು ಸ್ವಾಮಿ."

"ತಾರಸಿ ಬೀಳೋ ಭಯ ಇರಲಿಲ್ವಾ?"

ಆಳುಗಳು ಉಳಿದರು, ಮೇಸ್ತ್ರಿಗಿರಿ ಹೋಯಿತು. ಇಂಜಿನಿಯರು ಪಂಚಾಂಗ ತರಿಸಿ, ಅಮಾವಾಸ್ಯೆಯ ಚೌಕಗಳನ್ನು ತಾವೇ ಖಾಲಿ ಬಿಟ್ಟು ಹೊಸ ಕಾಗದ ಬರೆದರು. ನಾಲ್ಕು ದಿನ ಕಳೆದು ಕಂಬ ಬಿಚ್ಚಿದಾಗ ತಾರಸಿ ಕೂದಲೆಳೆಯಷ್ಟೂ ಜಗ್ಗಲಿಲ್ಲ. ಚಿಕ್ಕಹನುಮಯ್ಯ ದೂರದಲ್ಲಿ ಕೂತು ಮಗುವಿನಂತೆ ಅತ್ತ.

ಆ ನಾಲ್ಕು ದಿನವೂ ಮುನಿಗಂಗಮ್ಮ ಅವನೊಡನೆ ಮಾತಾಡಿರಲಿಲ್ಲ. ಅಂದು ಸಂಜೆ ಮುದ್ದೆ ಬಡಿಸಿ, ಎದುರಿಗೆ ಕೂತು ಕೇಳಿದಳು.

"ನಾನು ಅನ್ನೊಂದ್ನೇ ಮನೆಗೆ ಒಂಟಾಗ್ಲೇ ನಿಂಗೆ ಗೊತ್ತಾಗಿತ್ತಾ?"

"ಊಂ," ಎಂದ ಅವನು.

"ನೀನ್ ಬರೋಗಂಟ ನಾನು ಎಲ್ಡು ಕಂಬ ಎತ್ತಿದ್ದೆ ಕಣಯ್ಯ," ಎಂದಳು ಮುನಿಗಂಗಮ್ಮ.