ಕೀಲು ನೋಡುವ ಕಳಕಪ್ಪಜ್ಜ
ಗಜೇಂದ್ರಗಡದಲ್ಲಿ ಕೀಲು ನೋಡುವ ಕಳಕಪ್ಪಜ್ಜ ಯಾರ ನೋವನ್ನೂ ಮೊದಲು ಕೇಳುವುದಿಲ್ಲ. ಚಕ್ಕಡಿ ಇಳಿದು ಕಟ್ಟೆಗೆ ಬರುವವರ ನಡಿಗೆಯನ್ನೇ ನೋಡುತ್ತಾನೆ. ಕೂತ ಮೇಲೆ ಹೆಬ್ಬೆರಳನ್ನು ಮಡಚಿ ಮುಂಗೈಗೆ ಮುಟ್ಟಿಸಲು ಹೇಳುತ್ತಾನೆ. ಅದು ಸಲೀಸಾಗಿ ಮುಟ್ಟಿದರೆ, ಮೈಯ ಕೀಲೆಲ್ಲ ಸಡಿಲವೆಂದು ತಿಳಿದು ಅಜ್ಜನ ಮುಖ ಗಂಭೀರವಾಗುತ್ತದೆ. ಬಿಗಿದ ಕೀಲನ್ನು ಅವನು ಬಾವಿಯ ಹಗ್ಗದಂತೆ ಜಗ್ಗುತ್ತಾನೆ. ಆಗಿನ ಕೂಗು ಸೂಡಿಯವರೆಗೆ ಕೇಳುತ್ತದೆ ಎನ್ನುತ್ತಾರೆ. ಆದರೆ ಹಾಗೆ ಕೀಲು ಸಡಿಲವಿದ್ದವರು, "ತೊಡಿ ಸಂದು ಒಮ್ಮೆ ಜಗ್ಗಿ ಲಟಕ್ ಅನಸ್ರಿ, ಹಗುರಾಗತೈತಿ" ಎಂದು ಎಷ್ಟು ಬೇಡಿದರೂ ಜಗ್ಗುವುದಿಲ್ಲ. "ಮೊದಲ ಸಡ್ಲ ಐತಿ, ಇನ್ನೂ ಸಡ್ಲ ಮಾಡ್ಲೇನು?" ಎಂದು ಗದರುತ್ತಾನೆ. ಮಗ್ಗುಲಾಗಿ ಮಲಗಿಸಿ, ಕಾಲನ್ನು ನಿಧಾನವಾಗಿ ಎತ್ತಿ ಇಳಿಸುವುದನ್ನು ಕಲಿಸುತ್ತಾನೆ. ಟೊಂಕದ ಮೇಲೆ ಕೊಡ ಹೊರಬೇಡ ಎನ್ನುತ್ತಾನೆ. ಲಕ್ಕಲಕಟ್ಟಿಯ ರೇಣುಕವ್ವ ತನ್ನ ಸೊಸೆ ಹೊನ್ನವ್ವನನ್ನು ಕರೆತಂದ ದಿನ ನಾನು ಅಲ್ಲಿದ್ದೆ. "ನೀರಿಗೆ ಹೋಗಂದ್ರ ಕುಂಟತಾಳ. ಬರೇ ಸೋಗು! ಇವತ್ತ ಚಲೋ ಆಗ್ಲಿಲ್ಲಂದ್ರ ತವರಿಗೆ ಅಟ್ಟತೀನಿ" ಎಂದಳು ರೇಣುಕವ್ವ. ಅಜ್ಜ ರೇಣುಕವ್ವನ ಅಂಗೈಯನ್ನು ಸೊಸೆಯ ತೊಡೆಯ ಸಂದಿನ ಮೇಲೆ ಇಡಿಸಿ, "ಸಾವಕಾಶ ಹೆಜ್ಜಿ ಇಡು, ತಂಗಿ" ಎಂದ. ಯಾರೇ ಬರಲಿ, ಜೊತೆಗೆ ಬಂದವರ ಕೈಯನ್ನು ಅವನು ಹೀಗೆಯೇ ಇಡಿಸುತ್ತಾನೆ. "ನನ್ನ ಮಾತ ನಿಮ್ಮ ಮನಿತನಕ ಬರೂದಿಲ್ಲ, ಈ ಕೈ ಬರತೈತಿ" ಎನ್ನುತ್ತಾನೆ. ಹೊನ್ನವ್ವ ತುಟಿ ಕಚ್ಚಿ ಹೆಜ್ಜೆ ಇಟ್ಟಳು. ಒಳಗೆ ಎಲುಬು ಜಾರಿ ಮತ್ತೆ ಕೂತದ್ದು ಅತ್ತೆಯ ಅಂಗೈಗೆ ತಿಳಿಯಿತು. ರೇಣುಕವ್ವ ಕೈ ತೆಗೆಯಲಿಲ್ಲ. "ಯಾವಾಗಿಂದ ಹಿಂಗ ಆಗತೈತೇ, ಯವ್ವಾ?" ಎಂದು ಮೊದಲ ಸಲ ಸೊಸೆಯನ್ನೇ ಕೇಳಿದಳು.