ಚಿಂದಿ ಕಟ್ಟಿದ ಲಾಳಿ

ಎರಡು ಸಾವಿರದ ನಾಲ್ಕರಲ್ಲಿ ಏಳನೇ ತರಗತಿ ಬಿಟ್ಟು ನಾರಾಯಣಪೇಟೆಯಲ್ಲಿ ಮಗ್ಗದ ಗುಂಡಿಗೆ ಇಳಿದವನು ನಾನು. ನೇಯ್ಗೆಯಲ್ಲಿ ಯಾರಿಗೂ ಕಡಿಮೆಯಿಲ್ಲ. ಮೊನ್ನೆ ಲಾಳಿಯ ಕಣ್ಣಿಗೆ ತುಟಿ ಹಚ್ಚಿ ದಾರ ಹೀರಿದಾಗ ಬಣ್ಣದ ಕಹಿ ನಾಲಗೆಗೆ ಹತ್ತಿತು. ಎದುರುಮನೆ ಅತ್ತೆ ನೆನಪಾದಳು... ರಕ್ತಸಂಬಂಧವೇನಲ್ಲ, ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದೆವು.

ನನಗೆ ಮದುವೆಯಾದ ಹೊಸದರಲ್ಲಿ ಅತ್ತೆಯೂ ಸೇರಿ ನಾವು ಐದು ಜನ ಒಂದೇ ಶೆಡ್ಡಿನಲ್ಲಿ ನೇಯುತ್ತಿದ್ದೆವು. ಲಾಳಿಗಳೆಲ್ಲ ಒಂದೇ ಬುಟ್ಟಿಯಲ್ಲಿ. ಕೈಗೆ ಸಿಕ್ಕಿದ್ದನ್ನು ಬಾಯಿಗಿಟ್ಟು ದಾರ ಎಳೆಯುವುದು ರೂಢಿ. ಅತ್ತೆಯ ಗಂಡ ಮಕ್ತಲ್ ಕಡೆ ಲಾರಿ ಓಡಿಸುತ್ತಿದ್ದವನು, ಎಚ್‌ಐವಿ ತಗುಲಿ ತೀರಿಕೊಂಡ. ರಕ್ತ ಪರೀಕ್ಷೆ ಮಾಡಿಸಿದಾಗ ಅತ್ತೆಗೂ ಅದೇ ಇತ್ತು. ಸುದ್ದಿ ಬಂದ ದಿನದಿಂದ ಆ ಬುಟ್ಟಿಗೆ ಯಾರೂ ಕೈ ಹಾಕಲಿಲ್ಲ.

ಅತ್ತೆ ತನ್ನ ಲಾಳಿಗೆ ಕೆಂಪು ಚಿಂದಿ ಕಟ್ಟಿ ಬೇರೆ ಇಟ್ಟುಕೊಂಡಳು. ಬಾಯಿ ಹಚ್ಚುವುದು ಬಿಟ್ಟು ಸೂಜಿಯಿಂದ ದಾರ ಎಳೆಯತೊಡಗಿದಳು. ಮಾತ್ರೆ ತಪ್ಪಿಸುತ್ತಿರಲಿಲ್ಲ, ಕೈಯಲ್ಲಿ ಕಸುವೂ ಇತ್ತು. ಆದರೆ ಸೂಜಿಯ ಕೆಲಸ ನಿಧಾನ. ಸೀರೆಗಳು ತಡವಾದವು.

"ಈ ಹಾಸು ಮುಗೀಲಿ ಅಕ್ಕಾ, ಮುಂದಿಂದು ಬ್ಯಾರೆದೋರಿಗೆ ಕೊಡ್ತೀನಿ," ಅಂದರು ಮಗ್ಗಕ್ಕೆ ಹಾಸಿನ ನೂಲು ಕೊಡುವ ಸಾಹುಕಾರರು.

ಮಗ್ಗ ಬಿಟ್ಟರೆ ಅವಳಿಗೆ ಬೇರೆ ಅನ್ನವಿರಲಿಲ್ಲ.

ಅದೇ ವಾರ ನನ್ನ ಹೆಂಡತಿ ಗದ್ವಾಲದ ತವರಿನಿಂದ ಬಂದಳು. ಆಗ ಬಸುರಿ. ಬುತ್ತಿ ಕೊಡಲು ಶೆಡ್ಡಿಗೆ ಬಂದವಳು ಅತ್ತೆಯ ಪಕ್ಕ ಕುಳಿತು ಆ ಲಾಳಿ ಎತ್ತಿಕೊಂಡಳು.

"ಏ ಹುಚ್ಚಿ, ಇಡು ಕೆಳಗ! ಹೊಟ್ಟ್ಯಾಗ ಕೂಸು ಐತಿ," ಅತ್ತೆ ಚೀರಿದಳು.

ಇವಳು ದಾರ ಹೀರಿ ಎಳೆದೇ ಬಿಟ್ಟಳು. "ದವಾಖಾನ್ಯಾಗ ಬಸರಿ ಹೆಂಗಸರ ರಕ್ತ ಇದಕ್ಕೂ ನೋಡ್ತಾರ್ರೀ ಅತ್ತಿ. ಉಗುಳಿಂದ ಬರಂಗಿಲ್ಲಂತ ನರ್ಸಮ್ಮ ಬಿಡಿಸಿ ಹೇಳ್ಯಾಳ. ಸೂಜಿ ಹಿಡಕೊಂಡು ಸೀರಿ ನೇಯ್ತೀರೋ, ರವಿಕಿ ಹೊಲೀತೀರೋ?"

ಅತ್ತೆ ನಗಲು ಹೋಗಿ ಸೆರಗು ಬಾಯಿಗಿಟ್ಟುಕೊಂಡಳು... ಸಾಹುಕಾರರು ಬಾಗಿಲಲ್ಲೇ ನಿಂತು ನೋಡಿದ್ದರು. ಅತ್ತೆ ಸೂಜಿ ಬದಿಗಿಟ್ಟು ಮತ್ತೆ ಬಾಯಿಯಿಂದಲೇ ದಾರ ಎಳೆಯತೊಡಗಿದಳು. ಮುಂದಿನ ಹಾಸು ಅತ್ತೆಯ ಮಗ್ಗಕ್ಕೇ ಬಂತು.

ಆಮೇಲೆ ಎಷ್ಟೋ ವರ್ಷ ನೇಯ್ದಳು. ನಾನು ಸ್ವಂತ ಮಗ್ಗ ಹಾಕಿದಾಗ ಕರೆಯುವ ಮೊದಲೇ ಬಂದು ಕುಳಿತಳು. ನನ್ನ ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡೇ ಅಂಚು ನೇಯುತ್ತಿದ್ದಳು... ಹೋದ ಚಳಿಗಾಲ ಅತ್ತೆಗೆ ಕ್ಷಯ ಹತ್ತಿತು. ರಾಯಚೂರಿಗೂ ಕರೆದೊಯ್ದೆ. ಉಳಿಯಲಿಲ್ಲ.

ಈಗ ನನಗೆ ಒಂದು ಮನೆ, ಒಬ್ಬ ಮಗಳು, ಮೂರು ಮಗ್ಗ. ನೇಯುವವರು ಇಬ್ಬರು. ಮೂರನೆಯದು ಅತ್ತೆಯದು.